ಕೋಣೆಯೊಳಗಿನ ಸಾಮಿ

ಗುಂಡ್ಲುಪೇಟೆಯ ಆ ಮನೆಯಲ್ಲಿ ಏನು ಮಾಡಬೇಕಾದರೂ ಅವ್ವ ಮೊದಲು ಕೋಣೆಗೆ ಹೋಗಿ ಕೇಳಿಕೊಂಡು ಬರಬೇಕಿತ್ತು. ಹೊಸದೊಂದು ಕೋಳಿ ಕೊಳ್ಳುವುದಿರಲಿ, ಅಪ್ಪನ ಕೆಮ್ಮಿಗೆ ಡಾಕ್ಟರನ್ನು ಕಾಣುವುದೋ ಕಷಾಯದಲ್ಲೇ ನೋಡುವುದೋ ಎನ್ನುವುದಿರಲಿ, ನನ್ನನ್ನು ಶಾಲೆಯವರ ಜೊತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಕಳಿಸುವುದಿರಲಿ, ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ನಾವು ಹೊರಗೆ ಕಾಯುತ್ತಿದ್ದೆವು. ಒಳಗಿನಿಂದ ಪಿಸುಮಾತು ಕೇಳುತ್ತಿತ್ತು, ಆಮೇಲೆ ಏನೂ ಕೇಳುತ್ತಿರಲಿಲ್ಲ, ಆಮೇಲೆ ಮತ್ತೆ ಪಿಸುಮಾತು. ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತು ಅವ್ವ ಎರಡರಲ್ಲಿ ಒಂದು ಮಾತು ಹೇಳುತ್ತಿದ್ದಳು.

"ಸಾಮಿ ಊಂ ಅಂದ."

ಇಲ್ಲವಾದರೆ,

"ಸಾಮಿ ಬ್ಯಾಡ ಅಂದ."

ಅಲ್ಲಿಗೆ ಮುಗಿಯಿತು. ಅದರ ಮೇಲೆ ಅಪ್ಪನೂ ಮಾತಾಡುತ್ತಿರಲಿಲ್ಲ. ನಾವು ಕ್ರೈಸ್ತರು. ದೇವಾಲಯದಲ್ಲಿ ಪಾದ್ರಿಗಳು ಸ್ವಾಮಿ ಎಂದು ತಿದ್ದಿ ಹೇಳುತ್ತಿದ್ದುದು ನಮ್ಮ ಜನದ ಬಾಯಲ್ಲಿ ಸಾಮಿ ಆಗುತ್ತಿತ್ತು. ಮುಂದಿನ ಮನೆಯ ಮಹದೇವಮ್ಮನೂ ತಮ್ಮ ಮಾದಪ್ಪನನ್ನು ಸಾಮಿ ಎಂದೇ ಕರೆಯುತ್ತಿದ್ದರು. ಹಾಗಾಗಿ ನಮ್ಮ ಮನೆಯ ಕೋಣೆಯೊಂದರಲ್ಲಿ ಯೇಸುಸ್ವಾಮಿ ಇದ್ದಾನೆ, ಅವ್ವನ ಜೊತೆ ಮಾತಾಡುತ್ತಾನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬೇರೆಯವರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಮಹದೇವಮ್ಮ ಶಿವಪೂಜೆಯ ಮನೆತನದವರು, ಹೊಲ ತೋಟ ಇದ್ದವರು. ಮುಂದಿನ ದೊಡ್ಡ ಮನೆಯಲ್ಲಿ ಅವರು, ಹಿಂದಿನ ಮೂರು ಅಂಕಣದಲ್ಲಿ ಬಾಡಿಗೆಗೆ ನಾವು. ನಮ್ಮ ಬಾಗಿಲ ಎದುರಿಗೇ ಅವರ ಅರಿಶಿನ ಬೇಯಿಸುವ ಅಂಗಳ. ಆ ಕಾಲ ಬಂತೆಂದರೆ ಬೆಳಗಿನ ಜಾವಕ್ಕೇ ಕೊಪ್ಪರಿಗೆಗಳ ಕೆಳಗೆ ಬೆಂಕಿ ಬೀಳುತ್ತಿತ್ತು. ಚಳಿಗಾಲದ ಮಂಜಿನ ಜೊತೆ ಆ ಹಬೆ ಸೇರಿಕೊಂಡು, ಕೆಲಸದವರು ಸೊಂಟದವರೆಗೆ ಮಾತ್ರ ಕಾಣುತ್ತಿದ್ದರು. ಕೆಲವೊಮ್ಮೆ ಬರೀ ತಲೆ ಕಾಣುತ್ತಿತ್ತು. ಹಸಿ ಮಣ್ಣು ಮತ್ತು ಔಷಧಿ ಬೆರೆತಂಥ ಆ ವಾಸನೆ ನಮ್ಮ ಮುದ್ದೆಗೂ ಹಾಸಿಗೆಗೂ ಹತ್ತಿಕೊಳ್ಳುತ್ತಿತ್ತು. ಅವ್ವನ ಕೋಣೆ ನಾವು ಬರುವ ಮೊದಲು ಅರಿಶಿನದ ಮೂಟೆ ಪೇರಿಸಿಡುತ್ತಿದ್ದ ಜಾಗ. ಗೋಡೆ ಆಳೆತ್ತರಕ್ಕೆ ಹಳದಿಯಾಗಿತ್ತು, ಎಷ್ಟು ಸಲ ಸುಣ್ಣ ಬಳಿದರೂ ಕೆಳಗಿನಿಂದ ಹಳದಿ ಎದ್ದು ಬರುತ್ತಿತ್ತು. ಕಿಟಕಿಯಿಲ್ಲ. ಮಾಡಿಗೆ ಕೂಡಿಸಿದ ಒಂದು ಗಾಜಿನ ಹೆಂಚಿನಿಂದ ಚೌಕದ ಬಿಸಿಲು ಬಿದ್ದು, ಹೊತ್ತು ಸರಿದಂತೆ ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅವ್ವನ ಚಾಪೆ ಬಿಸಿಲಿನಲ್ಲಿ ಇರುತ್ತಿರಲಿಲ್ಲ, ಮೂಲೆಯ ಕತ್ತಲಿಗೆ ಮುಖ ಮಾಡಿಕೊಂಡಿತ್ತು. ಹೊರಗೆ ಬಂದಾಗ ಅವಳ ಅಂಗಾಲು ಹಳದಿಯಾಗಿರುತ್ತಿತ್ತು. ಕೋಣೆಯಿಂದ ಒಲೆಯವರೆಗೆ ಹಳದಿ ಹೆಜ್ಜೆ ಮೂಡುತ್ತಿದ್ದವು, ಅಕ್ಕ ಸುಗುಣ ಅದನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ಅಪ್ಪ ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪಿನ ಡ್ರೈವರು. ರಜೆ ಸಿಕ್ಕಾಗ ಮನೆಗೆ ಬಂದು ಹೋಗುತ್ತಿದ್ದ. ಮೊದಮೊದಲು ಅವನಿಗೆ ಅವ್ವನ ಕೋಣೆಯೆಂದರೆ ತಮಾಷೆ. "ಉಪ್ಪು ಆಕ್ಬೇಕಾ ಬ್ಯಾಡ್ವಾ ಅಂತ್ಲೂ ಒಂದ್ಮಾತು ಕೇಳ್ಕಂಬಾ ರೂತಮ್ಮ" ಎಂದು ಊಟದ ಮುಂದೆ ಕೂತು ನಗುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಆ ನಗು ನಿಂತ ದಿನ ನನಗೆ ಚೆನ್ನಾಗಿ ನೆನಪಿದೆ. ರಜೆ ಮುಗಿಸಿ ಅಪ್ಪ ಬಸ್ಸಿಗೆ ಹೊರಟಿದ್ದ, ಆಗಲೇ ಬೀದಿ ತಿರುವು ದಾಟಿದ್ದ. ಅವ್ವ ಕೋಣೆಯಿಂದ ಹೊರಬಿದ್ದವಳೇ ಬರಿಗಾಲಲ್ಲಿ, ಹಳದಿ ಪಾದದಲ್ಲಿ, ಆ ಹಬೆಯೊಳಗೆ ನುಗ್ಗಿ ಓಡಿದಳು. ನಾನೂ ಹಿಂದೆಯೇ ಓಡಿದೆ.

"ಇವತ್ತು ಓಗ್ಬ್ಯಾಡಿ. ಸಾಮಿ ಬ್ಯಾಡ ಅಂದ."

"ಡ್ಯೂಟಿ ಕಣೆ. ಆಟ ಅಂದ್ಕಂಡಾ?"

"ಬ್ಯಾಡ ಅಂದವ್ನೆ. ಅಳ್ತಾವ್ನೆ."

ಅಪ್ಪ ಅವಳ ಮುಖ ನೋಡಿದ. ಏನು ಕಂಡಿತೋ, ತಿರುಗಿ ಮನೆಗೆ ಬಂದು ಮಲಗಿಕೊಂಡ, ಜ್ವರ ಎಂದು ಹೇಳಿಕಳಿಸಿದ. ಆ ದಿನ ಅಪ್ಪನ ಜೀಪನ್ನು ಬೇರೆ ಡ್ರೈವರು ತೆಗೆದುಕೊಂಡು ಹೋದ. ಕಾಡಿನ ತಿರುವಿನಲ್ಲಿ ಒಂಟಿ ಸಲಗವೊಂದು ಜೀಪನ್ನು ಪಕ್ಕದಿಂದ ನೂಕಿ ಹಳ್ಳಕ್ಕೆ ಕೆಡವಿತು. ಆ ಮನುಷ್ಯನ ತೊಡೆ, ಸೊಂಟ ಎರಡೂ ಮುರಿದವು. ಜೀವ ಉಳಿಯಿತು, ಆದರೆ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಅಪ್ಪ ಆಸ್ಪತ್ರೆಗೆ ಹೋಗಿ ಅವನನ್ನು ನೋಡಿಕೊಂಡು ಬಂದ, ಬಂದವನು ಕೋಣೆಯ ಬಾಗಿಲ ಮುಂದೆ ಟೋಪಿ ತೆಗೆದು ಸುಮ್ಮನೆ ನಿಂತ. ಆವತ್ತಿನಿಂದ ನಮ್ಮ ಮನೆಯಲ್ಲಿ ಕೋಣೆಯ ಮಾತಿಗೆ ಎದುರಿರಲಿಲ್ಲ. ನಮ್ಮ ದೇವಾಲಯದ ಸಭೆಯ ಹೆಂಗಸರಿಗೂ ಸುದ್ದಿ ಮುಟ್ಟಿ, ಮಗಳ ಮದುವೆಗೆ, ಕಾಣೆಯಾದ ಹಸುವಿಗೆ, ಗಂಡನ ಕುಡಿತಕ್ಕೆ ಕೇಳಿಸಲು ನಮ್ಮ ಜಗುಲಿಗೆ ಬಂದು ಕೂರತೊಡಗಿದರು. ಅವರ ಯಾವ ಪ್ರಶ್ನೆಗೂ ಅವ್ವ ಉತ್ತರ ತರಲಿಲ್ಲ. "ನಿಮ್ದೆಲ್ಲ ಅವನಿಗೆ ಗೊತ್ತಾಗಕಿಲ್ಲ ಕಣ್ರವ್ವ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದಳು. ದೇವರಿಗೆ ಗೊತ್ತಾಗದ್ದು ಏನಿರುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಇನ್ನೊಂದು ದಿನ, ಬಿಸಿಲಿಗೆ ಅರಿಶಿನ ಹರಡಿಸುತ್ತಿದ್ದ ಮಹದೇವಮ್ಮ ಕೈ ನಿಲ್ಲಿಸಿ ಅವ್ವನನ್ನು ಕೇಳಿದರು.

"ರೂತವ್ವ, ನೆಂಟ್ರು ಬಂದವ್ರಾ?"

"ಇಲ್ಲ ಕಣವ್ವ. ಯಾಕೆ?"

"ನಿಮ್ ಕ್ವಾಣೇಲಿ ಗಂಡೈಕ ಮಾತಾಡ್ದಂಗಾಯ್ತು. ನಿಂಗಿರೋವು ಎಲ್ಡೂ ಎಣ್ಣೈಕ್ಳು. ನೀನು ಸಂತೆಗ್ ಓಗಿದ್ದಾಗ್ಲೂವೆ ಕೇಳ್ತು ಕಣವ್ವ. ಒಂದ್ಸಲ ಯಾರ್ನಾರ ಕರ್ಸಿ ತೋರ್ಸು."

ಅವ್ವ ಮುಗುಳ್ನಕ್ಕಳು. ಶಾಲೆಯಲ್ಲಿ ಮೇಷ್ಟ್ರು ಮಕ್ಕಳನ್ನು ಹೊಗಳಿದಾಗ ತಾಯಂದಿರು ನಗುವ ಹಾಗೆ. ನನ್ನ ವಿಷಯಕ್ಕೆ ಅವಳು ಯಾವತ್ತೂ ಹಾಗೆ ನಕ್ಕವಳಲ್ಲ, ಅದಕ್ಕೇ ಆ ನಗು ನನ್ನ ಮನಸ್ಸಿನಲ್ಲಿ ಉಳಿದಿದೆ.

ಆಮೇಲೆ ನನಗೂ ಕೇಳಿಸಿತು. ಶಾಲೆಗೆ ರಜೆ, ನಡುಮಧ್ಯಾಹ್ನ. ಅವ್ವ ನಲ್ಲಿಯಲ್ಲಿ ನೀರು ಬಂದಿದೆಯೆಂದು ಬಿಂದಿಗೆ ತೆಗೆದುಕೊಂಡು ಹೋಗಿದ್ದಳು, ಅಕ್ಕ ಕಾಲೇಜಿಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಒಳಗಿನಿಂದ, ನಿದ್ದೆಯಿಂದ ಎದ್ದವರ ದನಿಯಲ್ಲಿ, ಒಂದು ಪ್ರಶ್ನೆ ಬಂತು.

"ಅವ್ವ ಬಂದ್ಲಾ?"

ನನಗೆ ಭಯವಾಗಲಿಲ್ಲ. ಒಳಗೆ ಸಾಮಿ ಇರುವುದು ಗೊತ್ತೇ ಇತ್ತಲ್ಲ. "ಇನ್ನೂ ಇಲ್ಲ" ಎಂದೆ.

"ಸರಿ."

ಅಷ್ಟೇ. ನಾನು ಕಾಯಿ ಬಿಡಿಸುವುದನ್ನು ಮುಂದುವರಿಸಿದೆ. ಯೇಸುಸ್ವಾಮಿಗೂ ನಮ್ಮವ್ವ ಅವ್ವನೇ ಆಗುತ್ತಾಳಾ ಎಂಬುದೊಂದು ಮಾತ್ರ ಸೋಜಿಗವಾಯಿತು. ಎಷ್ಟೋ ವರ್ಷ ಕಳೆದ ಮೇಲೆ, ಓದಿಕೊಂಡವರೊಬ್ಬರು ನನಗೆ ವಿವರಿಸಿದರು. ದುಃಖದಲ್ಲಿರುವವರು ತಮಗೇ ಗೊತ್ತಿಲ್ಲದೆ ಬೇರೆ ದನಿಯಲ್ಲಿ ಮಾತಾಡುವುದುಂಟಂತೆ, ಮನೆಯ ಮಕ್ಕಳಿಗೂ ಅದು ಹತ್ತಿಕೊಳ್ಳುವುದುಂಟಂತೆ. ಇರಬಹುದು. ಆದರೆ ಆ ಮಧ್ಯಾಹ್ನ ಅವ್ವ ಮನೆಯಲ್ಲಿರಲಿಲ್ಲ.

ಅಕ್ಕನಿಗೆ ನರ್ಸ್ ಆಗಬೇಕೆಂಬ ಆಸೆ ಹುಟ್ಟಿಸಿದವರು ಏಲಿಯಮ್ಮ ಸಿಸ್ಟರ್. ಕೇರಳದವರು, ಗುಂಡ್ಲುಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ, ಭಾನುವಾರ ನಮ್ಮ ಸಭೆಗೇ ಬರುತ್ತಿದ್ದರು. ಅಕ್ಕ ಅವರ ಹಿಂದೆ ಹಿಂದೆ ಸುತ್ತುತ್ತಿದ್ದಳು. ಹಳೇ ಪಂಚೆ ಹರಿದು ನನ್ನ ಕೈಗೆ, ಕಾಲಿಗೆ, ತಲೆಗೆ ಪಟ್ಟಿ ಕಟ್ಟಿ ಕಲಿಯುತ್ತಿದ್ದಳು. ಪಿಯುಸಿ ಪಾಸಾದ ವರ್ಷ ಏಲಿಯಮ್ಮ ಸಿಸ್ಟರೇ ಓಡಾಡಿ, ಕಾಡಿನ ಆಚೆ ಕೇರಳದ ಬತ್ತೇರಿಯ ಕಡೆ ಮಿಷನ್ನಿನವರ ಆಸ್ಪತ್ರೆಯೊಂದರಲ್ಲಿ ಟ್ರೇನಿಂಗಿಗೆ ಸೀಟು ಮಾಡಿಸಿದರು. ಸುದ್ದಿ ಹೇಳಲು ಭಾನುವಾರ ಆರಾಧನೆ ಮುಗಿಸಿಕೊಂಡು ಮನೆಗೇ ಬಂದರು. ಅಪ್ಪ ಇದ್ದ. ಬಾಡಿನ ಸಾರು, ಮುದ್ದೆ. ಎಲ್ಲರೂ ಸಾಲಾಗಿ ಕೂತಿದ್ದೆವು. ಅಕ್ಕನಿಗೆ ತುತ್ತು ನುಂಗಲು ಆಗುತ್ತಿರಲಿಲ್ಲ, ಅಷ್ಟು ಸಂತೋಷ. ಅವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟು, ಕೈ ಒರೆಸಿಕೊಂಡು ಕೋಣೆಗೆ ಹೋದಳು. ನಾವು ಕಾದೆವು. ತಟ್ಟೆಯ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ಬಾಗಿಲು ತೆರೆಯಿತು.

"ಸಾಮಿ ಬ್ಯಾಡ ಅಂದ."

ಅಪ್ಪ ತಲೆ ತಗ್ಗಿಸಿದ. ಅಕ್ಕ ತಗ್ಗಿಸಲಿಲ್ಲ. ಅವಳು ಜೋರಾಗಿ ಮಾತಾಡಿದವಳೇ ಅಲ್ಲ, ಆಗಲೂ ಮೆಲ್ಲಗೇ ಕೇಳಿದಳು.

"ಯಾವ ಸಾಮಿ ಅವ್ವ?"

"ಏನಂದೆ?"

"ಯೇಸುಸ್ವಾಮಿನಾ? ನಮ್ಮ ಸಾಮಿನಾ?"

ಅಪ್ಪ ತಲೆಯೆತ್ತಿ ಅವ್ವನನ್ನು ನೋಡಿದ. ನನಗೊಬ್ಬಳಿಗೆ ಅರ್ಥವಾಗಲಿಲ್ಲ. ನಾನು ಅಕ್ಕನ ತೋಳು ಹಿಡಿದು ಜಗ್ಗಿದೆ. ಅವಳು ಅವ್ವನ ಮುಖದಿಂದ ಕಣ್ಣು ಕೀಳದೆ ನನಗೆ ಹೇಳಿದಳು: "ನಿಂಗೆ ಗೊತ್ತಿಲ್ಲ ಲೀಲಿ. ಸಮುವೇಲನ್ನ ನಾವು ಸಾಮಿ ಅಂತ ಕರೀತಿದ್ವಿ."

ನನಗೊಬ್ಬ ಅಣ್ಣನಿದ್ದ, ಸಮುವೇಲ ಅಂತ ಹೆಸರು, ನಾನು ತೊಟ್ಟಿಲಲ್ಲಿದ್ದಾಗ ಹೋದ ಎಂದಷ್ಟೇ ನಾನು ಬಲ್ಲದ್ದು. ಆಗ ನಮ್ಮವರು ಚಾಮರಾಜನಗರದಲ್ಲಿದ್ದರು. ಹುಡುಗ ಬುದ್ಧಿವಂತ, ಮೈಸೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಬೇಕೆಂದು ಅಪ್ಪನಿಗೆ ಆಸೆ. ಅವ್ವನಿಗೆ ಇಷ್ಟವಿರಲಿಲ್ಲ. ಇಬ್ಬರೂ ಮೊಣಕಾಲೂರಿ ಪ್ರಾರ್ಥನೆ ಮಾಡಿದರು, ಕಳಿಸುವುದೇ ದೇವರ ಚಿತ್ತ ಎಂದು ತಿಳಿದುಕೊಂಡರು, ಅವ್ವ ಕಣ್ಣೀರು ನುಂಗಿ ಅವನನ್ನು ರೈಲು ಹತ್ತಿಸಿದಳು. ಮಳೆಗಾಲದಲ್ಲಿ ಹಾಸ್ಟೆಲಿನಲ್ಲೇ ಜ್ವರ ಬಂತು. ಇವರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮುಗಿದಿತ್ತು. ಚಾಮರಾಜನಗರಕ್ಕೆ ತಂದು ಮಣ್ಣು ಮಾಡಿದ ಮೇಲೆ ಅವ್ವ ಆ ಊರಿನಲ್ಲಿ ಇರಲಾರೆನೆಂದಳು, ಅಪ್ಪ ಬಂಡೀಪುರಕ್ಕೆ ವರ್ಗ ಮಾಡಿಸಿಕೊಂಡ. ಸಮಾಧಿಯ ಕಡೆಗೆ ಅವಳು ಒಮ್ಮೆಯೂ ಹೋಗಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಆ ಊಟದ ಸಾಲಿನಲ್ಲಿ, ಅಪ್ಪ ಅವ್ವ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದಾಗ.

"ಅವತ್ತು ದೇವರ ಚಿತ್ತ ಅಂತ ಅಂದೋರು ನೀವು. ಕೇಳ್ದೆ. ಏನ್ ಕೊಟ್ಟ ದೇವರು? ಪೆಟ್ಗೇಲಿ ಆಕಿ ಕೊಟ್ಟ."

"ಅದುಕ್ಕೆ ಸತ್ತೋದೋನ ಕೈಲಿ ಮಾತಾಡ್ಸೀಯಾ?"

"ನಾನ್ ಕರೀನಿಲ್ಲ. ಈ ಮನೆಗ್ ಬಂದ್ಮೇಲೆ ಅವನೇ ಬಂದ. ಅವ್ವ ಅಂದ. ಊಂ ಅಂದೆ. ಎತ್ ತಾಯಿ ಇನ್ನೇನ್ ಅನ್ಬೇಕಿತ್ತು?"

"ದೇವರು ಸತ್ತೋರ ದನಿ ಎರವಲು ತಕ್ಕಂಡು ಮಾತಾಡಕಿಲ್ಲ ರೂತಮ್ಮ."

"ಅಂಗಾರೆ ಆ ಆನೆ? ಅದುನ್ನ ಏಳ್ದೋರ್ಯಾರು?"

ಅಪ್ಪ ತಟ್ಟೆ ನೋಡಿಕೊಂಡು ಹೇಳಿದ: "ಅವತ್ತೇ ನಂಗೆ ಅನುಮಾನ ಬಂತು. ಅಳ್ತಾವ್ನೆ ಅಂದ್ಯಲ್ಲ. ಕೇಳಕ್ಕೆ ಧೈರ್ಯ ಬರ್ನಿಲ್ಲ."

ಆಗ ನಾನು ಬಾಯಿಬಿಟ್ಟೆ. "ನಂಗೂ ಕೇಳಿಸ್ತು. ಅವ್ವ ಬಂದ್ಲಾ ಅಂತು" ಎಂದೆ. ಅಪ್ಪ ಬೆಚ್ಚಿಬಿದ್ದು ನನ್ನನ್ನು ಎಳೆದುಕೊಂಡ. ಆದರೆ ಅವ್ವ ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಎರಡೂ ಭುಜ ಹಿಡಿದಳು. ಹಸಿದವರ ಕಣ್ಣು ಅದು. ಅಷ್ಟು ಹತ್ತಿರದಿಂದ ಅವಳು ನನ್ನನ್ನು ನೋಡಿದ್ದು ಅದೇ ಮೊದಲು ಎನ್ನಿಸುತ್ತದೆ.

"ಇನ್ನೇನಂದ? ಏಳಮ್ಮಿ. ನಾನಿಲ್ದಿದ್ದಾಗ ಒಬ್ನೇ ಇರಕ್ಕೆ ಎದ್ರಿಕೆ ಅಂದ್ನಾ?"

ಅಪ್ಪ ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಏಲಿಯಮ್ಮ ಸಿಸ್ಟರ್ ಎದ್ದು ಕೈ ತೊಳೆದುಕೊಂಡು ಬಂದು ಅವ್ವನ ಪಕ್ಕ ನೆಲದ ಮೇಲೆ ಕೂತರು. ಅವರ ಕನ್ನಡ ನಿಧಾನ, ಒಂದೊಂದೇ ಪದ ಹುಡುಕಿ ಇಡುತ್ತಿದ್ದರು. ಅವ್ವನನ್ನು ಮಾತ್ರ ಅಕ್ಕ ಎನ್ನಲು ತಮ್ಮ ಮಲಯಾಳದ ಚೇಚಿಯನ್ನೇ ಬಳಸುತ್ತಿದ್ದರು.

"ಚೇಚಿ, ಅದು ಮಗನ ದನಿಯೋ ಅಲ್ಲವೋ, ನನಗೆ ತಿಳಿಯುವುದಿಲ್ಲ. ಒಂದೇ ಕೇಳ್ತೇನೆ. ಆ ದನಿ ಒಂದು ಸಲವಾದರೂ ನಿಮಗೆ ಇಷ್ಟ ಇಲ್ಲದ್ದು ಹೇಳಿದ್ದುಂಟೋ?"

ಅವ್ವ ಯೋಚಿಸಿದಳು. ನಾನು ಬೆಟ್ಟಕ್ಕೆ ಹೋಗುವುದು ಅವಳಿಗೆ ಇಷ್ಟವಿರಲಿಲ್ಲ, ಬ್ಯಾಡ ಬಂದಿತ್ತು. ಅಪ್ಪ ಕಾಡಿಗೆ ಹೋಗುವುದು ಯಾವತ್ತೂ ಇಷ್ಟವಿರಲಿಲ್ಲ, ಬ್ಯಾಡ ಬಂದಿತ್ತು. ಕೋಳಿ ಇಷ್ಟ, ಊಂ ಬಂದಿತ್ತು. ಅವಳು ಮೆಲ್ಲಗೆ ಎದ್ದು ಕೋಣೆಗೆ ಹೋದಳು. ಈ ಸಲ ಅಗುಳಿ ಹಾಕಿಕೊಂಡ ಸದ್ದು ಕೇಳಿಸಿತು.

ಆ ವಾರವನ್ನು ಹೇಗೆ ಹೇಳಲಿ. ಅವ್ವ ನೀರಿಗೆ, ಬಚ್ಚಲಿಗೆ ಹೊರಗೆ ಬರುತ್ತಿದ್ದಳು, ಯಾರ ಮುಖವನ್ನೂ ನೋಡದೆ ಮತ್ತೆ ಒಳಗೆ ಹೋಗುತ್ತಿದ್ದಳು. ಅಕ್ಕ ಅಡುಗೆ ಮಾಡಿ ಬಾಗಿಲ ಹತ್ತಿರ ತಟ್ಟೆ ಇಡುತ್ತಿದ್ದಳು, ಅದು ಹಾಗೇ ಆರುತ್ತಿತ್ತು. ಅಪ್ಪ ರಜೆ ಹಾಕಿ ಜಗುಲಿಯಲ್ಲಿ ಕೂತು ಬೀಡಿಯ ಮೇಲೆ ಬೀಡಿ ಸೇದಿದ. ಪಿಸುಮಾತು ಈಗ ಹಗಲೆಲ್ಲ ಇರುತ್ತಿತ್ತು. ಅದು ಪ್ರಾರ್ಥನೆಯಂತೆ ಇರಲಿಲ್ಲ, ಹಟ ಮಾಡುವ ಮಗುವನ್ನು ತಾಯಿ ಸಮಾಧಾನ ಮಾಡುವಂತೆ ಇತ್ತು. ಮಹದೇವಮ್ಮ ತಮ್ಮ ಕೆಲಸದವರನ್ನು ಆ ಅಂಗಳಕ್ಕೆ ಬರಗೊಡಲಿಲ್ಲ. "ಒಳ್ಗಡೆ ಐಕ ಬಿಕ್ಕಿ ಬಿಕ್ಕಿ ಅಳ್ತದೆ ಕಣಪ್ಪ. ನನ್ ಕೈಲಿ ಕೇಳಕ್ಕಾಗಕಿಲ್ಲ" ಎಂದು ಅಪ್ಪನಿಗೆ ಹೇಳಿ, ವಿಭೂತಿಯ ಪೊಟ್ಟಣವೊಂದನ್ನು ಜಗುಲಿಯ ಮೇಲಿಟ್ಟು ಹೋದರು. ಅಪ್ಪ ಅದನ್ನು ಮುಟ್ಟಲೂ ಇಲ್ಲ, ಎಸೆಯಲೂ ಇಲ್ಲ. ನನಗೆ ಮಾತ್ರ ಆಗ ಅಳು ಕೇಳಿಸಲಿಲ್ಲ. ಕೇಳಿಸಲಿ ಎಂದು ಬಾಗಿಲಿಗೆ ಕಿವಿಯಿಟ್ಟು ನಿಂತೆ, ಅಣ್ಣ ಎಂದು ಒಂದು ಸಲ ಕರೆದೂ ನೋಡಿದೆ. ಒಳಗಿನ ಪಿಸುಮಾತು ತಟ್ಟನೆ ನಿಂತಿತು. ಬಾಗಿಲಿನ ಆಚೆ ಯಾರೋ ಬಂದು ನನ್ನ ಎತ್ತರಕ್ಕೇ ನಿಂತ ಹಾಗಾಯಿತು. ನಾನು ಓಡಿಹೋಗಿ ಅಪ್ಪನ ಬೆನ್ನಿಗೆ ಅಂಟಿಕೊಂಡೆ. ಭಯ ಎಂದರೇನು ಎಂದು ಆ ಮನೆಯಲ್ಲಿ ನನಗೆ ಮೊದಲ ಸಲ ಗೊತ್ತಾಯಿತು.

ಒಂದು ಬೆಳಿಗ್ಗೆ ನಾನು ಏಳುವಾಗ ಅವ್ವ ಅಟ್ಟದಿಂದ ಟ್ರಂಕು ಇಳಿಸಿ ಧೂಳು ಒರೆಸುತ್ತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಅಕ್ಕನ ಲಂಗ ದಾವಣಿಗಳನ್ನು ಒಂದೊಂದಾಗಿ ಮಡಿಸಿ ಅದರಲ್ಲಿಟ್ಟಳು, ತನ್ನ ಒಳ್ಳೆಯ ಶಾಲನ್ನೂ ಇಟ್ಟಳು. ಅಕ್ಕ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ನಿಂತಳು.

"ಸಾಮಿ ಊಂ ಅಂದ್ನಾ ಅವ್ವ?"

"ಇಲ್ಲ. ಬ್ಯಾಡ ಅಂತ್ಲೇ ಅವ್ನೆ. ಅವನಿಗೆ ನನ್ ಬುಟ್ರೆ ಯಾರವ್ರೆ?"

"ಮತ್ತೆ?"

"ಓಗು ನೀನು."

"ದೇವರು ಏನಾದ್ರೂ ಹೇಳುದ್ರಾ?"

ಅವ್ವ ಟ್ರಂಕಿನ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟಳು. "ಅವನು ಮಾತಾಡ್ನಿಲ್ಲ. ಆದ್ರೆ ನಿನ್ ಕೈ ನೋಡ್ದೆ. ಲೀಲಿ ತಲೆಗೆ ಪಟ್ಟಿ ಕಟ್ತಿದ್ಯಲ್ಲ, ಅದ ನೋಡ್ದೆ. ಆ ಕೈ ನಾನ್ ಕೊಟ್ಟಿದ್ದಲ್ಲ. ನನ್ನಾಸೆಗೆ ಅದುನ್ನ ಕಟ್ಟಾಕಕ್ಕೆ ನಾನ್ಯಾರು?"

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ಅತ್ತಳು, ಅವ್ವ ಅಳಲಿಲ್ಲ. ಏಲಿಯಮ್ಮ ಸಿಸ್ಟರ್ ಜೊತೆಗೆ ಹೋಗುತ್ತಿದ್ದರು. ಕೇರಳದ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವ್ವ ಕೈಯೆತ್ತಿಕೊಂಡೇ ನಿಂತಿದ್ದಳು. ಮನೆಗೆ ಬಂದು ಒಲೆ ಹಚ್ಚಿದಳು. ಕೋಣೆಯ ಬಾಗಿಲು ಅಂದಿನಿಂದ ಮುಚ್ಚಿಯೇ ಇತ್ತು. ಅವಳು ಒಳಗೆ ಹೋಗಲಿಲ್ಲ, ಪ್ರಾರ್ಥನೆಯನ್ನು ನಮ್ಮೆಲ್ಲರ ಜೊತೆ ನಡುಮನೆಯಲ್ಲೇ ಮಾಡಿದಳು. ಆದರೆ ಆ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ಅವಳ ಹೆಜ್ಜೆ ತಡೆಯುತ್ತಿತ್ತು. ಊಟಕ್ಕೆ ಬಡಿಸುವಾಗ ಕೈ ಒಂದು ತಟ್ಟೆ ಹೆಚ್ಚಾಗಿ ತೆಗೆದು, ಮತ್ತೆ ಹಿಂದಕ್ಕೆ ಇಡುತ್ತಿತ್ತು. ಏನು ಕೇಳಿಸುತ್ತಿತ್ತೋ ಅವಳಿಗೇ ಗೊತ್ತು.

ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಮುಂದಿನ ಮನೆಯ ಫೋನಿಗೆ ಬತ್ತೇರಿಯಿಂದ ಕರೆ ಬಂತು. ಮಹದೇವಮ್ಮ ಗೋಣಿ ಕೊಪ್ಪೆ ಹಾಕಿಕೊಂಡು ಅಂಗಳ ದಾಟಿ ಓಡಿ ಬಂದರು. ಸುಗುಣಳಿಗೆ ಜ್ವರ, ವಾರ್ಡಿನಲ್ಲಿ ಮಲಗಿಸಿದ್ದಾರೆ, ಮನೆಯವರು ಒಂದು ಸಲ ಬಂದು ಹೋಗಬೇಕಂತೆ. ಮಳೆಗಾಲ, ಪರವೂರು, ಜ್ವರ. ಅವ್ವ ಗೋಡೆ ಹಿಡಿದುಕೊಂಡಳು. ಮಹದೇವಮ್ಮ ಅಪ್ಪನ ಆಫೀಸಿಗೆ ಫೋನು ಮಾಡಿಸಲು ಹೋದರು. ಮನೆಯಲ್ಲಿ ನಾವಿಬ್ಬರೇ. ಮಾಡಿನ ಮೇಲೆ ಮಳೆಯ ಸದ್ದು. ಆ ಸದ್ದಿನ ಅಡಿಯಿಂದ, ಮುಚ್ಚಿದ ಬಾಗಿಲಿನ ಹಿಂದಿನಿಂದ, ನಾನು ಸ್ಪಷ್ಟವಾಗಿ ಕೇಳಿದೆ.

"ನಾನ್ ಬ್ಯಾಡ ಅಂದಿರ್ನಿಲ್ವಾ ಅವ್ವ?"

ಅವ್ವ ನನ್ನ ಕಡೆ ತಿರುಗಿದಳು. ನನಗೂ ಕೇಳಿಸಿತೆಂದು ನನ್ನ ಮುಖದಲ್ಲೇ ಅವಳಿಗೆ ಗೊತ್ತಾಯಿತು. ಹೋಗಿ ಬಾಗಿಲನ್ನು ನೂಕಿ ಪೂರ್ತಿ ತೆರೆದಳು. ಮೋಡದ ದಿನ, ಗಾಜಿನ ಹೆಂಚಿನಿಂದಲೂ ಬೆಳಕಿರಲಿಲ್ಲ. ಒಳಗೆ ಬರೀ ಹಳದಿ ಕತ್ತಲು, ಮೂಲೆಯಲ್ಲಿ ಅವಳ ಚಾಪೆ. ಅವಳು ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಒಳಕ್ಕೆ ಹೇಳಿದಳು.

"ಊಂ ಮಗ. ನೀನ್ ಬ್ಯಾಡ ಅಂದಿದ್ದೆ."

ಒಳಗೆ ಏನೋ ಕಾಯುತ್ತಿತ್ತು. ಅದು ನನ್ನ ಚರ್ಮಕ್ಕೆ ತಿಳಿಯುತ್ತಿತ್ತು.

"ಇಷ್ಟ್ ದಿನ ನಿನ್ನ ನಾನೇ ಇಟ್ಕಂಡಿದ್ದೆ. ನಂಗೆ ಆಸೆ ಕಣಪ್ಪ, ಅದುಕ್ಕೆ. ಸುಗುಣ ಉಳೀಲಿ, ಓಗ್ಲಿ, ಅದು ಕೊಟ್ಟೋನಿಗ್ ಸೇರಿದ್ದು. ನಿನ್ನೂ ಕೊಟ್ಟೋನು ಅವನೇ. ಈ ಕತ್ಲೇಲಿ ಯಾಕಿದ್ದೀಯ? ಅವನತ್ರ ಓಗು. ನಾನಿನ್ ಕರಿಯಕಿಲ್ಲ, ನೀನೂ ಕರೀಬ್ಯಾಡ."

ಏನೂ ಆಗಲಿಲ್ಲ. ಗಾಳಿ ಬೀಸಲಿಲ್ಲ, ಬಾಗಿಲು ಬಡಿದುಕೊಳ್ಳಲಿಲ್ಲ. ಮಳೆಯ ಸದ್ದು ಮೊದಲಿನಂತೆಯೇ ಇತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಅದು ಬರೀ ಕೋಣೆಯಾಯಿತು. ಅದನ್ನು ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. ಯಾರೋ ಕೂತಿದ್ದ ಜಾಗದಿಂದ ಎದ್ದುಹೋದರೆ ಬೆನ್ನು ತಿರುಗಿಸಿ ನಿಂತವರಿಗೂ ಗೊತ್ತಾಗುತ್ತದಲ್ಲ, ಹಾಗೆ. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು, ಆವತ್ತು ಅಣ್ಣನ ಶವದ ಪೆಟ್ಟಿಗೆಯ ಮುಂದೆ ಅಳದಿದ್ದ ಅಳುವನ್ನೆಲ್ಲ ಅತ್ತಳು. ಅಕ್ಕ ಬದುಕಿದ್ದಾಳೋ ಇಲ್ಲವೋ ನಮಗೆ ಆಗ ಗೊತ್ತಿರಲಿಲ್ಲ. ಈ ಕಥೆಯಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವುದು ಇದೊಂದನ್ನೇ. ಏನಾಗುತ್ತದೆಂದು ತಿಳಿಯುವ ಮೊದಲೇ ಅವಳು ಅವನನ್ನು ಕಳಿಸಿಕೊಟ್ಟಳು.

ಅಪ್ಪ ಬಂದ ಮೇಲೆ ಮೂವರೂ ಸಿಕ್ಕ ಬಸ್ಸು ಹತ್ತಿ ಹೋದೆವು. ವಾರ್ಡಿನ ಕೊನೆಯ ಮಂಚದಲ್ಲಿ ಅಕ್ಕ ದಿಂಬಿಗೊರಗಿ ಕೂತು ಗಂಜಿ ಕುಡಿಯುತ್ತಿದ್ದಳು. ಜ್ವರ ಇನ್ನೂ ಬಿಟ್ಟಿರಲಿಲ್ಲ, ಕೆನ್ನೆ ಒಳಕ್ಕೆ ಹೋಗಿತ್ತು, ಆದರೂ ನಮ್ಮನ್ನು ಕಂಡು ನಕ್ಕಳು. ಟೈಫಾಯಿಡ್, ಭಯವಿಲ್ಲ ಎಂದರು. ಅವ್ವ ಅವಳ ಹಣೆ ಮುಟ್ಟಿ, ಅಂಗಾಲು ಮುಟ್ಟಿ, ಪಕ್ಕದಲ್ಲಿ ಕೂತಳು. ಅವಳು ಪೂರ್ತಿ ಗುಣವಾಗುವ ತನಕ ನಾವು ಅಲ್ಲೇ ಇದ್ದೆವು. ಆಮೇಲೆ ಅಕ್ಕನೇ ಕೇಳಿದಳು, ವಾಪಸು ಕರಕೊಂಡು ಹೋಗ್ತೀಯಾ ಅವ್ವ ಎಂದು. "ಇಲ್ಲ. ಕಲ್ತುಕೋ" ಎಂದಳು ಅವ್ವ. ಅಕ್ಕ ಕಲಿತಳು. ಈಗಲೂ ಅದೇ ಕೆಲಸ ಮಾಡುತ್ತಿದ್ದಾಳೆ.

ವಾಪಸು ಬರುವಾಗ ಅಪ್ಪ ಡ್ಯೂಟಿಗೆಂದು ದಾರಿಯಲ್ಲೇ, ಕಾಡಿನ ಚೆಕ್‌ಪೋಸ್ಟಿನಲ್ಲಿ ಇಳಿದುಕೊಂಡ. ಗುಂಡ್ಲುಪೇಟೆ ಬಂತು, ಇಳಿದೆವು. ನಾನು ಮನೆಯ ದಾರಿ ಹಿಡಿದರೆ ಅವ್ವ ನನ್ನ ಕೈ ಹಿಡಿದು ಚಾಮರಾಜನಗರದ ಬಸ್ಸು ಹತ್ತಿಸಿದಳು. ಊರಾಚೆಯ ಕ್ರೈಸ್ತರ ಸಮಾಧಿ ಜಾಗದಲ್ಲಿ ಮಳೆಗೆ ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಎಲ್ಲಿ ಎಂದು ಅವಳಿಗೂ ಸರಿಯಾಗಿ ನೆನಪಿರಲಿಲ್ಲ, ಒಂದೊಂದೇ ಕಲ್ಲಿನ ಹುಲ್ಲು ಸರಿಸಿ ನೋಡುತ್ತಾ ಹೋದಳು. ಸಿಕ್ಕಿತು. ಚಿಕ್ಕ ಕಲ್ಲು, ಸಮುವೇಲ ಎಂಬ ಹೆಸರಿನ ಕೊನೆಯ ಅಕ್ಷರ ಪಾಚಿ ಕಟ್ಟಿ ಮಾಸಿತ್ತು. ಅವ್ವ ಸೆರಗಿನಿಂದ ಅದನ್ನು ಒರೆಸಿ, ಕೂತು, ಸುತ್ತಲಿನ ಹುಲ್ಲು ಕೀಳತೊಡಗಿದಳು. ನಾನೂ ಕಿತ್ತೆ. ಹಸಿ ಮಣ್ಣು ಉಗುರಿನೊಳಗೆ ಸೇರಿಕೊಂಡಿತು. ನನಗೆ ಬಸ್ಸಿನಿಂದಲೂ ಒಂದು ಚಿಂತೆಯಿತ್ತು.

"ಅವ್ವ, ಇನ್ಮೇಲೆ ಯಾರ್ನ ಕೇಳ್ತೀಯ?"

"ದೇವರ್ನೇ ಕಣಮ್ಮಿ."

"ಅವನು ಮಾತಾಡ್ತಾನಾ?"

"ಇಲ್ಲ."

"ಮತ್ತೆ?"

ಅವಳು ಒಂದು ಹಿಡಿ ಹುಲ್ಲು ಬೇರುಸಮೇತ ಕಿತ್ತು, ಮಣ್ಣು ಕೊಡವಿ ಪಕ್ಕಕ್ಕಿಟ್ಟಳು.

"ಮಾತಾಡ್ದಿದ್ರೂ ಕೇಳ್ಬೇಕು."